ಸರ್ವರ್ ಹೋದಾಗ ಯಾವ ಬ್ಯಾಕಪ್ ಮೊದಲು, ಯಾವುದು ಆಮೇಲೆ?

ಸಿಡಿಲಿನ ಹೊಡೆತಕ್ಕೆ ಮಂಗಳೂರಿನಲ್ಲಿ ಸರ್ವರ್ ಸುಟ್ಟುಹೋಗುವುದು ಹೊಸತಲ್ಲ. ಬಂದರಿನ ಮಂಡಿಗಳಲ್ಲಿ, ಸಹಕಾರಿ ಸಂಘಗಳಲ್ಲಿ ನಾನು ನೋಡಿದ್ದು ಒಂದೇ ಕತೆ. ಬ್ಯಾಕಪ್ ಇರುತ್ತದೆ, ಅದನ್ನು ವಾಪಸ್ ಹಾಕುವ, ಅಂದರೆ ರಿಸ್ಟೋರ್ ಮಾಡುವ ಗಡಿಬಿಡಿಯಲ್ಲಿ ಕೆಲಸ ಕೆಡುತ್ತದೆ.

ಹಳೆಯ ಡಿಸ್ಕ್ ತೆಗೆದು ಪಕ್ಕಕ್ಕಿಡಿ, ಅದರ ಮೇಲೆ ಏನನ್ನೂ ಬರೆಯಬೇಡಿ. ಹೊಸ ಡಿಸ್ಕಿಗೆ ವಿಂಡೋಸ್, ಮೊದಲಿದ್ದ ಆವೃತ್ತಿಯದೇ ಎಸ್‌ಕ್ಯೂಎಲ್ ಸರ್ವರ್ (ಡೇಟಾಬೇಸ್ ನಡೆಸುವ ತಂತ್ರಾಂಶ) ಹಾಕಿ. ಬ್ಯಾಕಪ್ ಫೈಲುಗಳ ಇನ್ನೊಂದು ಪ್ರತಿ ಮಾಡಿಕೊಂಡು ಆ ಪ್ರತಿಯಿಂದಲೇ ಕೆಲಸ ಮಾಡಿ.

ಇನ್ನು ಜನ ಎಡವುವ ಜಾಗ. ಭಾನುವಾರ ರಾತ್ರಿ ಫುಲ್ ಬ್ಯಾಕಪ್ (ಎಲ್ಲದರ ಪೂರ್ತಿ ಪ್ರತಿ) ಆಗಿದೆ, ಆಮೇಲೆ ದಿನಾ ರಾತ್ರಿ ಬದಲಾದದ್ದರ ಬ್ಯಾಕಪ್ ಮಾತ್ರ, ಗುರುವಾರ ಮಧ್ಯಾಹ್ನ ಸರ್ವರ್ ಹೋಯಿತು ಎಂದುಕೊಳ್ಳಿ. ಡಿಫರೆನ್ಷಿಯಲ್ ಆದರೆ ಭಾನುವಾರದ ಫುಲ್, ಬುಧವಾರ ರಾತ್ರಿಯದು ಎರಡೇ ಸಾಕು. ಫುಲ್ ಆದ ಮೇಲಿನ ಬದಲಾವಣೆ ಎಲ್ಲವೂ ಕೊನೆಯದರಲ್ಲೇ ಇದೆ. ಫೈಲ್ ಸರ್ವರಿನ ಇನ್‌ಕ್ರಿಮೆಂಟಲ್ ಹಾಗಲ್ಲ, ಅದರಲ್ಲಿ ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದದ್ದು ಮಾತ್ರ ಇರುತ್ತದೆ. ಫುಲ್, ಸೋಮವಾರ, ಮಂಗಳವಾರ, ಬುಧವಾರ, ಇದೇ ಕ್ರಮ. ಮಂಗಳವಾರದ್ದು ಕೆಟ್ಟಿದ್ದರೆ ಬುಧವಾರದ್ದನ್ನು ನಂಬುವ ಹಾಗಿಲ್ಲ. ಸಣ್ಣ ಆಫೀಸಿಗೆ ಡಿಫರೆನ್ಷಿಯಲ್ಲೇ ಸರಿ. ಜಾಗ ಜಾಸ್ತಿ ತಿಂದರೂ ಪರವಾಗಿಲ್ಲ.

ಎಸ್‌ಕ್ಯೂಎಲ್‌ನಲ್ಲಿ ಫುಲ್ ಹಾಕುವಾಗ 'ನೋರಿಕವರಿ' ಆಯ್ಕೆ ಮಾಡಲೇಬೇಕು. ತಾನಾಗಿ ಆಯ್ಕೆಯಾಗಿರುವುದು 'ರಿಕವರಿ'. ಹಾಗೇ ಬಿಟ್ಟರೆ ಡೇಟಾಬೇಸ್ ತೆರೆದುಕೊಳ್ಳುತ್ತದೆ, ಮುಂದಿನ ಬ್ಯಾಕಪ್ ಅದರ ಮೇಲೆ ಕೂರುವುದಿಲ್ಲ, ಮತ್ತೆ ಫುಲ್‌ನಿಂದಲೇ ಶುರು. ನೋರಿಕವರಿ ಕೊಟ್ಟಾಗ ಹೆಸರಿನ ಪಕ್ಕ 'ರಿಸ್ಟೋರಿಂಗ್' ಎಂದೇ ಇರುತ್ತದೆ. ಸಿಕ್ಕಿಹಾಕಿಕೊಂಡಿತು ಅಂತ ಡಿಲೀಟ್ ಮಾಡಬೇಡಿ ಮಾರಾಯ್ರೇ, ಅದು ಮುಂದಿನ ಫೈಲಿಗೆ ಕಾಯುತ್ತಿದೆ ಅಷ್ಟೇ. ಡಿಫರೆನ್ಷಿಯಲ್ ಹಾಕಿ, ಆಮೇಲೆ ಅದರ ನಂತರದ ಲಾಗ್ ಬ್ಯಾಕಪ್‌ಗಳು (ಒಂದೊಂದು ಬದಲಾವಣೆಯ ದಾಖಲೆ) ಇದ್ದರೆ ಅವನ್ನು ಹೊತ್ತಿನ ಕ್ರಮದಲ್ಲಿ ಹಾಕಿ. ಕೊನೆಯದಕ್ಕೆ ಮಾತ್ರ ರಿಕವರಿ.

ಡಿಫರೆನ್ಷಿಯಲ್ ಹಿಡಿಯದಿದ್ದರೆ ಒಂದು ವಿಷಯ ವಿಚಾರಿಸಿ. ಮಧ್ಯದಲ್ಲಿ ಯಾರಾದರೂ ಸುಮ್ನೆ ಒಂದು ಫುಲ್ ತೆಗೆದು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದರೇ? ಆಮೇಲಿನ ಡಿಫರೆನ್ಷಿಯಲ್ ಭಾನುವಾರದ್ದಕ್ಕಲ್ಲ, ಆ ಹೊಸ ಫುಲ್‌ಗೆ ಸೇರಿದ್ದು. ಹಾಗೆ ಬೇಕೆಂದಾಗ ತೆಗೆಯುವ ಪ್ರತಿಗೆ 'ಕಾಪಿ ಓನ್ಲಿ' ಆಯ್ಕೆ ಇದೆ, ಅದನ್ನೇ ಬಳಸಿ. ಅಗ್ಗದ ಪೆನ್‌ಡ್ರೈವನ್ನಂತೂ ಬ್ಯಾಕಪ್‌ಗೆ ಬಳಸಲೇಬೇಡಿ. ಎರಡು ಡಿಸ್ಕಿಗೂ ಒಂದೇ ಡೇಟಾ ಬರೆಯುವ ರೇಡ್ ಇದೆ, ಬ್ಯಾಕಪ್ ಯಾಕೆ ಎನ್ನುವವರೂ ಇದ್ದಾರೆ. ಅಳಿಸಿದ ಫೈಲ್ ರೇಡ್‌ನ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ ಅಲ್ವಾ?

ಡೇಟಾಬೇಸ್ ತೆರೆದ ಮೇಲೆ, ಒಳಗೆ ಏನಾದರೂ ಕೆಟ್ಟಿದೆಯೇ ಎಂದು ನೋಡಲು 'ಚೆಕ್‌ಡಿಬಿ' ಓಡಿಸಿ. ಕೊನೆಯ ಬಿಲ್ ನಂಬರನ್ನು ಕಾಗದದ ಬಿಲ್ಲಿಗೆ ತಾಳೆ ನೋಡಿ, ಬಿಟ್ಟುಹೋದದ್ದನ್ನು ಕೈಯಾರೆ ಸೇರಿಸಿ. ಸಿಬ್ಬಂದಿಗೆ ಲಾಗಿನ್ ಕೊಡುವ ಮೊದಲೇ ಹೊಸ ಫುಲ್ ಬ್ಯಾಕಪ್ ತೆಗೆಯಿರಿ.