ಹಗುರವಾದ ಎಣ್ಣೆ ಬೆಳಕನ್ನು ನೀರಿಗಿಂತ ಹೆಚ್ಚು ಬಾಗಿಸುತ್ತದೆ: ವಕ್ರೀಭವನ ಅಳೆದ ನನ್ನ ಅನುಭವ

ಸಾಂದ್ರ ಮಾಧ್ಯಮಕ್ಕೆ ಹೋಗುವ ಬೆಳಕು ಲಂಬದ (ಗಡಿಗೆ 90 ಡಿಗ್ರಿಯಲ್ಲಿ ಎಳೆದ ಗೆರೆಯ) ಕಡೆಗೆ ಬಾಗುತ್ತದೆ, ವಿರಳ ಮಾಧ್ಯಮಕ್ಕೆ ಹೋಗುವುದು ಲಂಬದಿಂದ ದೂರ ಸರಿಯುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ತಡವರಿಸದೆ ಹೇಳುತ್ತಾರೆ. ಆದರೆ ಸಾಂದ್ರ ಎಂದರೆ ಭಾರ ಎಂದುಕೊಂಡು, ಭಾರವಾದ ವಸ್ತು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಹಗುರವಾದದ್ದು ಕಡಿಮೆ ಎಂದೇ ಅವರಲ್ಲಿ ಬಹುತೇಕರು ತಿಳಿದಿರುತ್ತಾರೆ. ಇದನ್ನು ಮಾತಿನಲ್ಲಿ ತಿದ್ದುವುದಕ್ಕಿಂತ ಅವರ ಕೈಯಲ್ಲೇ ಅಳೆಸುವುದು ಮೇಲು ಎಂದು ನಾನು ನಂಬಿದ್ದೇನೆ.

ಬೇಕಾಗುವುದು ಹೆಚ್ಚೇನಿಲ್ಲ. ಅರ್ಧವೃತ್ತಾಕಾರದ ಪಾರದರ್ಶಕ ಪ್ಲಾಸ್ಟಿಕ್ ಪಾತ್ರೆ, ಕೋನಗಳನ್ನು ಗುರುತಿಸಿದ ಕಾಗದ, ಕಡಿಮೆ ಶಕ್ತಿಯ ಕೆಂಪು ಲೇಸರ್. ಪಾತ್ರೆಯ ಆಕಾರದಲ್ಲೇ ಜಾಣ್ಮೆಯಿದೆ. ಚಪ್ಪಟೆ ಬದಿಯ ನಡುಬಿಂದುವಿಗೆ ಬೆಳಕು ಬಿಟ್ಟರೆ ಅದು ಅಲ್ಲಿ ಬಾಗುತ್ತದೆ. ಅಲ್ಲಿಂದ ಮುಂದೆ ತ್ರಿಜ್ಯದ ಗುಂಟ ಸಾಗುವುದರಿಂದ ಬಾಗಿದ ಬದಿಯನ್ನು ನೇರವಾಗಿ ಸಂಧಿಸಿ, ಮತ್ತೆ ದಿಕ್ಕು ಬದಲಿಸದೆ ಹೊರಬರುತ್ತದೆ. ಹೊರಬಂದ ಚುಕ್ಕೆಯನ್ನು ಗುರುತಿಸಿ ನಡುಬಿಂದುವಿಗೆ ಗೆರೆ ಎಳೆದರೆ ವಕ್ರೀಭವನ ಕೋನ ಸಿಕ್ಕಂತೆಯೇ. ಪಾತ್ರೆಯ ತೆಳುಗೋಡೆಯೂ ಬೆಳಕನ್ನು ಬಾಗಿಸುವುದಿಲ್ಲವೇ ಎಂದು ಕೇಳುವವರಿರುತ್ತಾರೆ, ಒಳ್ಳೆಯ ಪ್ರಶ್ನೆ. ಗೋಡೆಯ ಎರಡೂ ಮುಖಗಳು ಸಮಾಂತರವಾಗಿರುವುದರಿಂದ ಅದು ಕಿರಣವನ್ನು ತುಸು ಪಕ್ಕಕ್ಕೆ ಸರಿಸುತ್ತದೆ, ಕೋನವನ್ನು ಬದಲಿಸುವುದಿಲ್ಲ. ಲೇಸರನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಮೇಜಿನ ಮಟ್ಟದಲ್ಲೇ ಇಡಬೇಕು. ಪ್ರತಿಫಲಿಸಿದ ಕಿರಣ ಎತ್ತ ಹೋಗುತ್ತಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಪತನ ಕೋನದ (ಬೆಳಕು ಬಂದು ಬೀಳುವ ಕೋನದ) ಸೈನ್ ಅನ್ನು ವಕ್ರೀಭವನ ಕೋನದ ಸೈನ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ ಒಂದು ವಸ್ತುವಿಗೆ ಸ್ಥಿರವಾಗಿರುತ್ತದೆ, ಅದೇ ಆ ವಸ್ತುವಿನ ವಕ್ರೀಭವನ ಸೂಚ್ಯಂಕ. 1621ರಲ್ಲಿ ಡಚ್ ಗಣಿತಜ್ಞ ಸ್ನೆಲ್ ಕಂಡುಕೊಂಡ, ಅವನಿಗಿಂತ ಆರು ಶತಮಾನಗಳಷ್ಟು ಹಿಂದೆಯೇ ಪರ್ಷಿಯಾದ ಗಣಿತಜ್ಞ ಇಬ್ನ್ ಸಹ್ಲ್ ಬಳಸಿದ್ದ ನಿಯಮವಿದು. ಅಳೆಯುವಾಗ ದೊಡ್ಡ ಕೋನಗಳನ್ನೇ ಆರಿಸಿಕೊಳ್ಳಲು ನಾನು ಒತ್ತಾಯಿಸುತ್ತೇನೆ. ನೀರಿಗೆ 10 ಡಿಗ್ರಿಯಲ್ಲಿ ಬೆಳಕು ಬಿಟ್ಟಾಗ ವಕ್ರೀಭವನ ಕೋನವನ್ನು ಓದುವುದರಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಉತ್ತರ ಶೇ. 6ಕ್ಕೂ ಹೆಚ್ಚು ಕೆಡುತ್ತದೆ. 60 ಡಿಗ್ರಿಯಲ್ಲಿ ಅದೇ ತಪ್ಪು ಶೇ. 1ರ ಆಸುಪಾಸಿನಲ್ಲೇ ನಿಲ್ಲುತ್ತದೆ.

60 ಡಿಗ್ರಿಯಲ್ಲಿ ನೀರಿನೊಳಗೆ ಹೋದ ಕಿರಣ ಲಂಬದಿಂದ ಸುಮಾರು 40.5 ಡಿಗ್ರಿಯಲ್ಲಿ ಸಾಗುತ್ತದೆ, ಅಂದರೆ ಸೂಚ್ಯಂಕ 1.33. ನೀರನ್ನು ಚೆಲ್ಲಿ, ಪಾತ್ರೆ ಒರೆಸಿ, ಅಡುಗೆ ಎಣ್ಣೆ ತುಂಬಿದಾಗ ಕೋನ 36ಕ್ಕೆ ಇಳಿಯುತ್ತದೆ, ಸೂಚ್ಯಂಕ 1.47. ನೀರಿನ ಮೇಲೆ ತೇಲುವ ಎಣ್ಣೆ ಬೆಳಕನ್ನು ನೀರಿಗಿಂತ ಹೆಚ್ಚು ಬಾಗಿಸಿದೆ! ವಿದ್ಯಾರ್ಥಿಗಳು ಇಲ್ಲಿ ಮತ್ತೊಮ್ಮೆ ಅಳೆಯುತ್ತಾರೆ, ಅಳೆಯಲೇಬೇಕು. ಆಮೇಲೆ ಗ್ಲಿಸರಿನ್ ಕೊಡುತ್ತೇನೆ. ಅದು ನೀರಿನಲ್ಲಿ ಮುಳುಗುವಷ್ಟು ಭಾರ, ಘನ ಸೆಂಟಿಮೀಟರಿಗೆ 1.26 ಗ್ರಾಂ. ಅದರ ಸೂಚ್ಯಂಕವೂ 1.47. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜು ಇನ್ನೂ ಭಾರ, 2.23 ಗ್ರಾಂ. ಅದರದೂ 1.47. ಆ ಗಾಜಿನ ಕಡ್ಡಿಯನ್ನು ಎಣ್ಣೆಯಲ್ಲಿ ಮುಳುಗಿಸಿದರೆ ಮುಳುಗಿದ ಭಾಗ ಬಹುಮಟ್ಟಿಗೆ ಕಾಣದಾಗುತ್ತದೆ. ಗಡಿಯಲ್ಲಿ ಬೆಳಕು ಬಾಗುವುದೂ ಇಲ್ಲ, ಪ್ರತಿಫಲಿಸುವುದೂ ಇಲ್ಲ, ಹಾಗಿದ್ದ ಮೇಲೆ ಕಣ್ಣು ಯಾವುದನ್ನು ಗುರುತು ಹಿಡಿಯಬೇಕು? ವಕ್ರೀಭವನದ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದೇ.

ಹಾಗಾದರೆ ಸೂಚ್ಯಂಕವನ್ನು ನಿರ್ಧರಿಸುವುದು ಯಾವುದು? ಅದು ವೇಗಗಳ ಅನುಪಾತ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ನೀರಿನಲ್ಲಿ 2.25 ಲಕ್ಷಕ್ಕೆ, 2.42 ಸೂಚ್ಯಂಕದ ವಜ್ರದಲ್ಲಿ 1.24 ಲಕ್ಷಕ್ಕೆ ಇಳಿಯುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರ ವಸ್ತುವಿನ ಎಲೆಕ್ಟ್ರಾನ್‌ಗಳನ್ನು ಎಷ್ಟು ಸುಲಭವಾಗಿ ಅಲುಗಿಸಬಲ್ಲದು, ಅಂಥ ಎಲೆಕ್ಟ್ರಾನ್‌ಗಳು ಎಷ್ಟು ಒತ್ತಾಗಿವೆ ಎಂಬುದರ ಮೇಲೆ ಈ ವೇಗ ನಿಂತಿದೆ. ಹಾಗೆಂದು ತೂಕಕ್ಕೆ ಪಾತ್ರವೇ ಇಲ್ಲ ಎನ್ನಲಾಗದು. ಒಂದೇ ವಸ್ತುವಿನೊಳಗೆ ಅದು ಲೆಕ್ಕಕ್ಕೆ ಬರುತ್ತದೆ: ನೀರಿಗಿಂತ ಹಗುರವಾದ ಮಂಜುಗಡ್ಡೆಯ ಸೂಚ್ಯಂಕ 1.31. ಬೇರೆ ಬೇರೆ ವಸ್ತುಗಳನ್ನು ತೂಕ ನೋಡಿ ಹೋಲಿಸಿದಾಗಲೇ ದಾರಿ ತಪ್ಪುವುದು.

ಬೆಳಕಿನ ಬಣ್ಣವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೋಷ್ಟಕಗಳಲ್ಲಿರುವುದು ಸಾಮಾನ್ಯವಾಗಿ ಸೋಡಿಯಂನ ಹಳದಿ ಬೆಳಕಿಗೆ ಅಳೆದ ಮೌಲ್ಯ. ಕೆಂಪು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಾಗುತ್ತದೆ, ನೀಲಿ ಅಷ್ಟೇ ಸೂಕ್ಷ್ಮವಾಗಿ ಹೆಚ್ಚು.

ಅದೇ ಪಾತ್ರೆಯಲ್ಲಿ ಬಾಗಿದ ಬದಿಯಿಂದ ಬೆಳಕು ಬಿಟ್ಟರೆ ಕ್ರಾಂತಿಕೋನವೂ, ಅಂದರೆ ಬೆಳಕು ಹೊರಬರುವುದು ನಿಂತುಹೋಗುವ ಕೋನವೂ, ಸಿಗುತ್ತದೆ. ಲೇಸರನ್ನು ಮೆಲ್ಲನೆ ತಿರುಗಿಸುತ್ತ ಹೋದಂತೆ ಹೊರಬರುವ ಕಿರಣ ಚಪ್ಪಟೆ ಬದಿಗೆ ಅಂಟಿಕೊಂಡಂತಾಗಿ, ಮಂಕಾಗಿ, ಇಲ್ಲವಾಗುತ್ತದೆ. ಒಳಗೆ ಪ್ರತಿಫಲಿಸುವ ಕಿರಣ ಪ್ರಖರವಾಗುತ್ತದೆ. ನೀರಿಗೆ ಇದು 48.6 ಡಿಗ್ರಿ, ವಜ್ರಕ್ಕಾದರೆ ಕೇವಲ 24.4.

ಇನ್ನೊಂದು ಪ್ರಯೋಗಕ್ಕೆ ತಾಳ್ಮೆ ಬೇಕು. ಉದ್ದನೆಯ ಗಾಜಿನ ತೊಟ್ಟಿಯ ತಳದಲ್ಲಿ ಸಕ್ಕರೆ ಹರಡಿ, ಕಲಕದೆ ನೀರು ಸುರಿದು, ಅಲುಗಿಸದೆ ಒಂದೆರಡು ದಿನ ಬಿಡಬೇಕು. ತಳದಲ್ಲಿ ಸಕ್ಕರೆ ಹೆಚ್ಚಾಗಿ, ಮೇಲೆ ಹೋದಂತೆ ಕಡಿಮೆಯಾಗುತ್ತದೆ, ಸೂಚ್ಯಂಕವೂ ಹಾಗೆಯೇ. ಪಕ್ಕದಿಂದ ಅಡ್ಡಲಾಗಿ ಬಿಟ್ಟ ಲೇಸರ್ ಕಿರಣ ನೇರವಾಗಿ ಹೋಗದೆ ಕೆಳಮುಖವಾಗಿ ಕಮಾನಿನಂತೆ ಬಾಗುತ್ತದೆ. ಇಲ್ಲಿ ಎರಡು ಮಾಧ್ಯಮಗಳ ನಡುವೆ ಗಡಿಯೇ ಇಲ್ಲ. ತಳದ ಕಡೆಗೆ ವೇಗ ಹಂತಹಂತವಾಗಿ ತಗ್ಗುತ್ತದೆ, ಬೆಳಕು ಅತ್ತಲೇ ವಾಲುತ್ತದೆ. ಕಾದ ನೆಲದ ಮೇಲೆ ಮರೀಚಿಕೆ ಕಾಣುವುದೂ ಇದೇ ಕಾರಣಕ್ಕೆ. ಅಲ್ಲಿ ಬಿಸಿ ಗಾಳಿ ಕೆಳಗಿರುವುದರಿಂದ ಬೆಳಕು ಮೇಲಕ್ಕೆ ಬಾಗುತ್ತದೆ.