ಶಾಕ್ ಹೊಡೆದವರನ್ನು ನಾನು ಹೇಗೆ ನೋಡುತ್ತೇನೆ

ಕರೆಂಟ್ ಹೊಡೆದ ಕೈಯಲ್ಲಿ ಸುಟ್ಟ ಗಾಯ ಸಣ್ಣದಿದ್ದರೆ ಮನೆಯವರಿಗೆ ಸಮಾಧಾನ. ನನಗೆ ಇಲ್ಲ. ಬೆಂಗಳೂರಿನಲ್ಲಿ ನರರೋಗದ ವೈದ್ಯೆ ನಾನು. ಪೀಣ್ಯದ ಕಡೆಯ ಎಲೆಕ್ಟ್ರಿಷಿಯನ್‌ಗಳು, ಕಬ್ಬಿಣದ ಏಣಿ ಹೈ ಟೆನ್ಷನ್ ಲೈನಿಗೆ ತಾಗಿಸಿಕೊಂಡ ಪೇಂಟರ್‌ಗಳು ನನ್ನ ಹತ್ತಿರ ಬರೋದು ಸಾಮಾನ್ಯವಾಗಿ ಗಾಯ ಮಾಗಿದ ಮೇಲೆ.

ಮೊದಲು ಕೇಳೋದು, "ಕೈ ತಕ್ಷಣ ಬಿಡಿಸಿಕೊಳ್ಳೋಕೆ ಆಯ್ತಾ?" ಮನೆಯ 230 ವೋಲ್ಟಿನ ಎಸಿ ಕರೆಂಟಿಗೆ ಸ್ನಾಯು ಬಿಗಿದರೆ ಸಡಿಲವಾಗುವುದಿಲ್ಲ. ಬೆರಳು ಮಡಚುವ ಸ್ನಾಯುಗಳಿಗೆ ಬಲ ಜಾಸ್ತಿ, ಹಾಗಾಗಿ ಬಿಡಬೇಕು ಅಂದಷ್ಟೂ ಕೈ ವೈರನ್ನೇ ಹಿಡಿದುಕೊಳ್ಳುತ್ತದೆ. ಅಂಟಿಕೊಂಡ ಹೊತ್ತು ಹೆಚ್ಚಿದಷ್ಟೂ ಒಳಗಿನ ಹಾನಿ ಹೆಚ್ಚು.

ಆಮೇಲೆ ಒಂದು ಹಾಳೆ ಕೊಡುತ್ತೇನೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಲಿ, ನಾನು ಎಳೆಯುತ್ತೇನೆ. ಹೆಬ್ಬೆರಳಿನ ತುದಿಯ ಗೆಣ್ಣು ಮಡಚಿಕೊಂಡರೆ ಮೊಣಕೈ ಹಿಂದಿನಿಂದ ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ಸೋತಿದೆ ಅಂತ ಅನುಮಾನ. ಸ್ನಾಯುವಿಗೆ ಸೂಜಿ ಹಾಕಿ ಅದರ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆಗೆ ಸುಮಾರು 3 ವಾರ ಕಾಯುತ್ತೇನೆ. ಅದಕ್ಕೂ ಮುಂಚೆ ಮಾಡಿದರೆ ಸ್ನಾಯುವಿನ ಬದಲಾವಣೆ ಕಾಣದೇ ಇರಬಹುದು, ದುಡ್ಡು ದಂಡ.

ಕೈಗಿಂತ ಕಷ್ಟ ಮಿದುಳಿನದು. ಅದು ಗೊತ್ತಾಗೋದು ಹೆಂಡತಿ ಬಾಯಿಂದ. "ಮುಂಚೆ ಹಿಂಗಿರ್ಲಿಲ್ಲ ಮೇಡಂ, ಎಲ್ಲದಕ್ಕೂ ಸಿಡುಕ್ತಾರೆ. ರಾತ್ರಿ ನಿದ್ದೇನೇ ಇಲ್ಲ." ಒಬ್ಬ ಎಲೆಕ್ಟ್ರಿಷಿಯನ್‌ಗೆ ಮೆಟ್ಟಿಲ ದೀಪದ ಟೂ ವೇ ಸ್ವಿಚ್ ಹೇಗೆ ಕೊಡ್ತೀರಿ ಅಂತ ಕೇಳಿದೆ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಅದು. ಪೆನ್ನು ಹಿಡಿದು ಎರಡು ಗೆರೆ ಎಳೆದರು, ನಿಂತರು, ಮತ್ತೆ ಅದೇ ಗೆರೆಯ ಮೇಲೆ ಎಳೆದರು. ಅವರ ಎಂಆರ್‌ಐ ಸರಿಯಾಗಿಯೇ ಇತ್ತು. ಇಂಥವರಲ್ಲಿ ಎಷ್ಟೋ ಸಲ ಹಾಗೇ. ಅದನ್ನು ನೋಡಿ ಮೇಸ್ತ್ರಿ "ಸುಮ್ನೆ ನಾಟಕ" ಅಂತಾನೆ, ನನಗೆ ಸಿಟ್ಟು ಬರೋದು ಅಲ್ಲೇ. ನೆನಪು ಮತ್ತು ಗಮನದ ವಿವರವಾದ ಪರೀಕ್ಷೆಗೆ ಕಳಿಸುತ್ತೇನೆ. ಸದ್ಯಕ್ಕೆ ಎತ್ತರದ ಕೆಲಸ, ಲೈವ್ ಲೈನ್ ಬೇಡ ಅಂತ ಸರ್ಟಿಫಿಕೇಟಿನಲ್ಲಿ ಬಿಡಿಸಿ ಬರೆಯುತ್ತೇನೆ.

ಸಿಡಿಲಿನದು ಬೇರೆ. ಏಪ್ರಿಲ್, ಮೇ ಮಳೆಯಲ್ಲಿ ಸಿಡಿಲು ಬಡಿದವರ ಕಾಲು ಸ್ವಾಧೀನ ತಪ್ಪಿ, ತಣ್ಣಗಾಗಿ, ನೀಲಿಗಟ್ಟಿರಬಹುದು. ಹೆಚ್ಚಿನವರಲ್ಲಿ ಕೆಲವೇ ಗಂಟೆಗಳಲ್ಲಿ ಸರಿಹೋಗುತ್ತದೆ. ಆದರೂ ಬೆನ್ನುಹುರಿಗೆ ಏಟಿಲ್ಲ ಅಂತ ಖಚಿತ ಮಾಡಿಕೊಳ್ಳದೆ ನಾನು ಎಬ್ಬಿಸಿ ನಡೆಸುವುದಿಲ್ಲ.

ಬೆನ್ನುಹುರಿಯ ತೊಂದರೆ ವಾರಗಳು, ತಿಂಗಳುಗಳು ಕಳೆದ ಮೇಲೂ ಶುರುವಾಗಬಹುದು. ಅದಕ್ಕೇ ಎಲ್ಲರ ಚೀಟಿಯಲ್ಲೂ ಬರೆದು ಕೊಡುತ್ತೇನೆ: ನಡೆಯುವಾಗ ಕಾಲು ಬಿಗಿದರೆ, ಮೂತ್ರದ ಹತೋಟಿ ತಪ್ಪಿದರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಬನ್ನಿ.