ಕಿಯಾಂತಿಯಲ್ಲಿ ಒಂದು ದಿನ, ಎರಡೇ ವೈನರಿ

ಇಟಲಿಯ ಫ್ಲಾರೆನ್ಸ್ ನಗರದ ದಕ್ಷಿಣದ ಅಂಚು ದಾಟಿ ಸ್ವಲ್ಪ ದೂರ ಸಾಗಿದರೆ ರಸ್ತೆ ಕಿರಿದಾಗುತ್ತದೆ, ಇಕ್ಕೆಲಗಳಲ್ಲಿ ದ್ರಾಕ್ಷಿ ತೋಟ, ಆಲಿವ್ ಮರಗಳು ಮತ್ತು ಓಕ್ ಕಾಡು ಒಂದರ ಹಿಂದೊಂದು ಬರತೊಡಗುತ್ತವೆ. ಅಲ್ಲಿಂದ ಸಿಯೆನಾದವರೆಗೆ ಹಬ್ಬಿರುವ ಈ ಗುಡ್ಡಗಾಡೇ ಕಿಯಾಂತಿ. ಟಸ್ಕನಿ ಪ್ರಾಂತ್ಯಕ್ಕೆ ಹೋದವರು ಕಾರು ಮತ್ತು ಚಾಲಕನನ್ನು ಗೊತ್ತುಮಾಡಿಕೊಂಡು ಇಲ್ಲಿ ಒಂದು ದಿನ ಸುತ್ತಿ, ವೈನರಿಗಳಲ್ಲಿ ಕುಳಿತು ವೈನಿನ ರುಚಿ ನೋಡಿ ಸಂಜೆಗೆ ಹೋಟೆಲಿಗೆ ಮರಳಬಹುದು. ಆ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ: ಟೂರ್ ಮಾಡಿಸುವವರು ನಾಲ್ಕು ವೈನರಿ ತೋರಿಸುತ್ತೇವೆ ಎಂದರೆ ಎರಡು ಸಾಕು ಎನ್ನಿ. ಮೊದಲ ಸಲ ಹೋದಾಗ ನಾವು ನಾಲ್ಕಕ್ಕೂ ಒಪ್ಪಿಕೊಂಡಿದ್ದೆವು. ಮೂರನೆಯದನ್ನು ತಲುಪುವ ಹೊತ್ತಿಗೆ ನಾಲಿಗೆ ಮರಗಟ್ಟಿ ಒಂದು ವೈನಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದಾಯಿತು, ನಾಲ್ಕನೆಯದರಲ್ಲಿ ಏನು ಕುಡಿದೆವೆಂಬುದು ಈಗ ನೆನಪೇ ಇಲ್ಲ.

ಹೊರಡುವ ಮುನ್ನ ಅಲ್ಲಿನ ದ್ರಾಕ್ಷಿಯ ಪರಿಚಯ ಇದ್ದರೆ ಒಳ್ಳೆಯದು. ಕಿಯಾಂತಿ ಕ್ಲಾಸಿಕೊ ಎಂದು ಹೆಸರು ಹಚ್ಚುವ ವೈನಿನಲ್ಲಿ ಕನಿಷ್ಠ 80 ಪ್ರತಿಶತ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿ ಇರಲೇಬೇಕೆಂಬ ನಿಯಮವಿದೆ. ಅದರ ವೈನು ಗಾಢ ಕಪ್ಪಾಗಿರದೆ ತಿಳಿಯಾದ ಮಾಣಿಕ್ಯದ ಬಣ್ಣದಲ್ಲಿರುತ್ತದೆ, ಹುಳಿ ಚೆರ್ರಿಯ ವಾಸನೆ ಬರುತ್ತದೆ, ಹುಳಿ ಚುರುಕಾಗಿರುತ್ತದೆ, ಕೊನೆಗೆ ಒಸಡನ್ನು ಹಿಡಿಯುವ ಒಗರು ಉಳಿಯುತ್ತದೆ. ವೈನ್ ಬಲ್ಲವರು ಟ್ಯಾನಿನ್ ಎಂದು ಕರೆಯುವುದು ಈ ಒಗರನ್ನೇ. ಬೇರೆ ದೇಶದವರು ಇದನ್ನು ವಿವರಿಸಲು ತಡಕಾಡುವುದನ್ನು ಕಂಡಿದ್ದೇನೆ, ಆದರೆ ಎಳೆ ಅಡಿಕೆ ಜಗಿದವರಿಗೆ, ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು ಕೈಗೆ ಹತ್ತಿಸಿಕೊಂಡವರಿಗೆ ವಿವರಣೆ ಬೇಕಾಗಿಲ್ಲ. ಇದೇ ದ್ರಾಕ್ಷಿಯನ್ನು ನಮ್ಮ ಹಂಪಿಯ ಕಡೆಯ ಗುಡ್ಡಗಳಲ್ಲೂ, ಮಹಾರಾಷ್ಟ್ರದ ಅಕ್ಲೂಜ್‌ನಲ್ಲೂ ಬೆಳೆದು ವೈನು ಮಾಡುತ್ತಾರೆ. ಹೋಗುವ ಮುಂಚೆ ಅಂಥದೊಂದು ಬಾಟಲಿಯ ರುಚಿ ನೋಡಿಕೊಂಡಿದ್ದರೆ ಅಲ್ಲಿ ಹೋಲಿಸಲು ಒಂದು ಆಧಾರ ಸಿಕ್ಕಂತಾಗುತ್ತದೆ.

ಕಿಯಾಂತಿ ಬೇರೆ, ಕಿಯಾಂತಿ ಕ್ಲಾಸಿಕೊ ಬೇರೆ ಎಂಬುದನ್ನೂ ತಿಳಿದಿರಬೇಕು. ಟಸ್ಕನಿಯ ದೊರೆ ಮೂರನೆಯ ಕೊಸಿಮೊ ದೆ ಮೆದಿಚಿ 1716ರಲ್ಲಿ ಆಜ್ಞೆ ಹೊರಡಿಸಿ ಕಿಯಾಂತಿ ವೈನಿನ ಸೀಮೆ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತಿಸಿದನು. ಮುಂದೆ ಆ ಹೆಸರು ಸುತ್ತಲಿನ ಜಿಲ್ಲೆಗಳಿಗೂ ಹರಡಿದಾಗ ಹಳೆಯ ಸೀಮೆಯವರು ತಮ್ಮದನ್ನು ಬೇರೆಯಾಗಿ ಉಳಿಸಿಕೊಳ್ಳಲು 1924ರಲ್ಲಿ ಒಕ್ಕೂಟ ಕಟ್ಟಿಕೊಂಡು ಕಪ್ಪು ಹುಂಜವನ್ನು ಮುದ್ರೆಯಾಗಿ ಆರಿಸಿಕೊಂಡರು. ಬಾಟಲಿಯ ಮೇಲೆ ಆ ಹುಂಜ ಇದ್ದರೆ ಅದು ಕ್ಲಾಸಿಕೊ. ಹುಂಜದ ಕಥೆಯನ್ನು ನಿಮ್ಮ ಚಾಲಕ ಹೇಗೂ ಹೇಳಿಯೇ ಹೇಳುತ್ತಾನೆ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗಡಿ ವ್ಯಾಜ್ಯ ತೀರಿಸಲು ಎರಡೂ ನಗರಗಳಿಂದ ಕೋಳಿ ಕೂಗಿದಾಗ ಒಬ್ಬೊಬ್ಬ ಸವಾರ ಹೊರಡಬೇಕು, ಅವರು ಸಂಧಿಸಿದಲ್ಲಿ ಗಡಿ ಎಂದು ಒಪ್ಪಂದವಾಯಿತಂತೆ. ಸಿಯೆನಾದವರು ತಮ್ಮ ಬಿಳಿ ಹುಂಜಕ್ಕೆ ಹೊಟ್ಟೆತುಂಬ ಕಾಳು ಹಾಕಿ ಮಲಗಿಸಿದರು, ಫ್ಲಾರೆನ್ಸಿನವರು ತಮ್ಮ ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಬಹು ಮೊದಲೇ ಕೂಗಿದ್ದರಿಂದ ಫ್ಲಾರೆನ್ಸಿನ ಸವಾರ ಸಿಯೆನಾದ ಹತ್ತಿರದ ಫೊಂತೆರೂತೊಲಿಯವರೆಗೂ ಬಂದುಬಿಟ್ಟನು. ಐತಿಹ್ಯವೇ ಇರಬಹುದು, ಆದರೆ ಸೀಮೆಯ ಬಹುಭಾಗ ಫ್ಲಾರೆನ್ಸಿಗೆ ಸೇರಿದ್ದಂತೂ ನಿಜ.

ಈಗ ಕಾರಿನ ವಿಚಾರ. ಭಾರತದ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದರೆ ಇಟಲಿಯಲ್ಲಿ ಬಾಡಿಗೆ ಕಾರು ಓಡಿಸಬಹುದಾದರೂ ಈ ದಿನಕ್ಕೆ ಆ ಯೋಚನೆ ಬೇಡ. ಅಲ್ಲಿ ಚಾಲಕನ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರದವರೆಗೆ ಮಾತ್ರ ಅವಕಾಶವಿದ್ದು, ಲೈಸೆನ್ಸ್ ಪಡೆದು ಮೂರು ವರ್ಷ ತುಂಬದವರಿಗೆ ಮಿತಿ ಸೊನ್ನೆ. ತಿರುವಿನ ಮೇಲೆ ತಿರುವಿರುವ ಗುಡ್ಡದ ದಾರಿಯಲ್ಲಿ, ರಸ್ತೆಯ ಬಲಬದಿಯಲ್ಲಿ ಓಡಿಸುವ ಅಭ್ಯಾಸವಿಲ್ಲದವರು, ಕುಡಿದದ್ದೆಷ್ಟು ಎಂದು ಲೆಕ್ಕ ಹಾಕುತ್ತ ಕೂರುವುದರಲ್ಲಿ ಸುಖವೂ ಇಲ್ಲ, ಕ್ಷೇಮವೂ ಇಲ್ಲ. ಫ್ಲಾರೆನ್ಸಿನ ನಡುಭಾಗ ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ಪ್ರದೇಶ. ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಂಡದ್ದು ನಿಮಗೆ ಗೊತ್ತೇ ಆಗುವುದಿಲ್ಲ, ತಿಂಗಳುಗಳ ಮೇಲೆ ಬೆಂಗಳೂರಿನ ಮನೆಗೆ ದಂಡದ ಪತ್ರ ಬಂದಾಗ ತಿಳಿಯುತ್ತದೆ. ಫ್ಲಾರೆನ್ಸಿನಿಂದ ಕಿಯಾಂತಿಯ ಗ್ರೇವೆ ಎಂಬ ಊರಿಗೆ ಬಸ್ಸು ಇದೆ, ಆದರೆ ವೈನರಿಗಳು ಬಸ್ ನಿಲ್ದಾಣದಿಂದ ದೂರದಲ್ಲಿ, ಬಿಳಿ ಜಲ್ಲಿಯ ಮಣ್ಣುರಸ್ತೆಗಳ ತುದಿಯಲ್ಲಿರುತ್ತವೆ.

ಆದ್ದರಿಂದ ಚಾಲಕಸಹಿತ ಬಾಡಿಗೆ ಕಾರಿನ ಪರವಾನಗಿ ಇರುವವರನ್ನೇ ಹುಡುಕಿ. ಇಟಲಿಯಲ್ಲಿ ಇವರನ್ನು ಎನ್‌ಸಿಸಿ ಎಂಬ ಮೂರಕ್ಷರದಿಂದ ಗುರುತಿಸುತ್ತಾರೆ. ವೃತ್ತಿಯ ಚಾಲಕರಾದ್ದರಿಂದ ಇವರಿಗೆ ಮದ್ಯದ ಮಿತಿ ಸೊನ್ನೆಯೇ. ದರ ಕೇಳುವಾಗ ಒಟ್ಟು ಮೊತ್ತವನ್ನಷ್ಟೇ ಕೇಳಿ ಸುಮ್ಮನಾಗಬಾರದು. ಕಾರು ಎಷ್ಟು ಗಂಟೆಗೆ, ಹೆಚ್ಚಿನ ಗಂಟೆಗೆ ಎಷ್ಟು, ವೈನರಿಯ ಟೇಸ್ಟಿಂಗ್ ಶುಲ್ಕ ಇದರೊಳಗೆ ಬಂದಿದೆಯೋ ಅಥವಾ ಅಲ್ಲಿ ತಲೆಗಿಷ್ಟು ಎಂದು ಬೇರೆ ಕೊಡಬೇಕೋ, ಮಧ್ಯಾಹ್ನದ ಊಟ ಯಾರ ಖರ್ಚು ಎಂಬುದನ್ನು ಬಿಡಿಬಿಡಿಯಾಗಿ ಬರಹದಲ್ಲಿ ತರಿಸಿಕೊಳ್ಳಿ. ಕಾರಿನ ಬಾಡಿಗೆ ಇಬ್ಬರಿದ್ದರೂ ನಾಲ್ವರಿದ್ದರೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನಾಲ್ವರು ಕೂಡಿ ಹೋದರೆ ತಲಾ ಹೊರೆ ಹಗುರವಾಗುತ್ತದೆ. ಚಾಲಕನೇ ಗೈಡ್ ಎಂದು ಭಾವಿಸಬೇಡಿ, ದಾರಿಯಲ್ಲಿ ನಾಲ್ಕು ಮಾತು ಹೇಳಿಯಾನು, ನೆಲಮಾಳಿಗೆಯೊಳಗೆ ವಿವರಿಸುವವರು ವೈನರಿಯವರೇ.

ಎರಡು ವೈನರಿ ಆರಿಸುವಾಗ ಒಂದು ದೊಡ್ಡದು, ಒಂದು ಸಣ್ಣದು ಇರಲಿ. ದೊಡ್ಡದರಲ್ಲಿ ಚರಿತ್ರೆ ಮತ್ತು ಯಂತ್ರ ಎರಡನ್ನೂ ಕಾಣಬಹುದು. ಫ್ಲಾರೆನ್ಸಿನ ಕಡೆಯ ಬಾರ್ಜಿನೊದಲ್ಲಿ, 1385ರಿಂದ ವೈನಿನ ವ್ಯವಹಾರದಲ್ಲಿರುವ ಆಂತಿನೊರಿ ಮನೆತನ 2012ರಲ್ಲಿ ತೆರೆದ ಕಟ್ಟಡವು ಗುಡ್ಡದೊಳಗೆ ಹುದುಗಿದ್ದು, ಅದರ ಛಾವಣಿಯ ಮೇಲೆಯೇ ದ್ರಾಕ್ಷಿ ಬೆಳೆಯುತ್ತದೆ. ದಕ್ಷಿಣದ ಗಾಯೊಲೆಯ ಬಳಿಯ ಬ್ರೋಲಿಯೊ ಕೋಟೆ ರಿಕಾಸೊಲಿ ಮನೆತನದ್ದು. ಇಟಲಿಯ ಪ್ರಧಾನಿಯೂ ಆಗಿದ್ದ ಬೆತ್ತಿನೊ ರಿಕಾಸೊಲಿ ಕಿಯಾಂತಿಯಲ್ಲಿ ಯಾವ ದ್ರಾಕ್ಷಿ ಪ್ರಧಾನವಾಗಿರಬೇಕೆಂದು 1872ರ ಪತ್ರವೊಂದರಲ್ಲಿ ಬರೆದಿಟ್ಟದ್ದು ಈ ವೈನಿನ ಇತಿಹಾಸದ ಮುಖ್ಯ ದಾಖಲೆ. ಸಿಯೆನಾದಲ್ಲಿ ತಂಗಿದವರಿಗೆ ಇದು ಹತ್ತಿರ, ಫ್ಲಾರೆನ್ಸಿನಿಂದ ದೂರವಾಗುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ರಾದ್ದಾ ಬಳಿಯ ವೊಲ್ಪಾಯಾ. ಗುಡ್ಡದ ನೆತ್ತಿಯ ಈ ಪುಟ್ಟ ಹಳ್ಳಿಯಲ್ಲಿ ವೈನರಿಗೆ ಪ್ರತ್ಯೇಕ ಕಟ್ಟಡವೇ ಇಲ್ಲ. ಒಂದು ಮನೆಯ ಕೆಳಗೆ ಪೀಪಾಯಿಗಳು, ಹಳೆಯ ಚರ್ಚಿನೊಳಗೆ ಇನ್ನಷ್ಟು, ಬೀದಿಯ ಕಲ್ಲುಗಳ ಅಡಿಯಲ್ಲಿ ವೈನು ಹರಿಸುವ ಉಕ್ಕಿನ ಕೊಳವೆಗಳು. ಸಣ್ಣ ವೈನರಿಗಳ ಹೆಸರನ್ನು ನಾನು ಸೂಚಿಸುವುದಿಲ್ಲ. ಗ್ರೇವೆ, ಪಂಜಾನೊ, ರಾದ್ದಾ ಈ ಮೂರರ ನಡುವೆ, ಮನೆಯವರೇ ನಡೆಸುವ, ಇಂಗ್ಲಿಷಿನಲ್ಲಿ ಮಾತಾಡಬಲ್ಲ ಯಾವುದಾದರೂ ಸರಿ. ಎರಡರ ನಡುವಿನ ದಾರಿ ಅರ್ಧ ಗಂಟೆಗಿಂತ ಹೆಚ್ಚಾಗದಂತೆ ಮಾತ್ರ ನೋಡಿಕೊಳ್ಳಿ.

ಸಮಯ ಮೊದಲೇ ಗೊತ್ತುಮಾಡಿಕೊಳ್ಳದೆ ಹೋದರೆ ಅನೇಕ ಕಡೆ ಗೇಟೇ ತೆರೆಯುವುದಿಲ್ಲ. ರಸ್ತೆಬದಿಯಲ್ಲಿ ‘ವೆಂದಿತಾ ದಿರೆತ್ತಾ’ ಎಂಬ ಫಲಕ ಕಂಡರೆ ಅಲ್ಲಿ ಬಾಟಲಿಯನ್ನು ನೇರವಾಗಿ ಮಾರುತ್ತಾರೆ ಎಂದಷ್ಟೇ ಅರ್ಥ. ಕೆಲವು ವಾರ ಮುಂಚೆ ಇಮೇಲ್ ಬರೆಯಿರಿ. ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದರ ಜೊತೆಗೆ ಕುಡಿಯದವರು ಎಷ್ಟು ಜನ, ಸಸ್ಯಾಹಾರಿಗಳು ಎಷ್ಟು ಜನ ಎಂಬುದನ್ನೂ ತಿಳಿಸಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಸಂಕೋಚದಿಂದ ಮುಚ್ಚಿಡುತ್ತಾರೆ, ಅದರ ಅಗತ್ಯವಿಲ್ಲ. ಹೆಚ್ಚಿನ ವೈನರಿಗಳಲ್ಲಿ ಆಲಿವ್ ಎಣ್ಣೆಯೂ ತಯಾರಾಗುತ್ತದೆ, ವೈನು ಮುಟ್ಟದವರಿಗೆ ಎಣ್ಣೆಯ ರುಚಿ ತೋರಿಸಿ ಎಂದರೆ ಸಂತೋಷದಿಂದ ತೋರಿಸುತ್ತಾರೆ. ನನ್ನ ತಾಯಿ ಬ್ರೆಡ್ಡಿನ ಮೇಲೆ ಸುರಿದ ಹೊಸ ಎಣ್ಣೆ ಗಂಟಲಿನಲ್ಲಿ ಕಾಳುಮೆಣಸಿನಂತೆ ಚುರುಗುಟ್ಟಿದ್ದನ್ನು ಈಗಲೂ ಹೇಳುತ್ತಾರೆ, ಕೋಟೆಗಳ ಬಗ್ಗೆ ಒಂದು ಮಾತಿಲ್ಲ.

ಏಪ್ರಿಲ್‌ನಿಂದ ಜೂನ್‌ವರೆಗೆ ಹಾಗೂ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಸೆಪ್ಟೆಂಬರ್ ನಡುವಿನಿಂದ ಕೊಯ್ಲು ನಡೆಯುವುದರಿಂದ ನೋಡಲು ಸೊಗಸು, ಆದರೆ ಸಣ್ಣ ವೈನರಿಯವರಿಗೆ ಪುರುಸೊತ್ತು ಇರುವುದಿಲ್ಲ. ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಯೇ ರಜೆಯ ಮೇಲಿರುತ್ತದೆ. ಭಾನುವಾರ ತಪ್ಪಿಸಿ. ಶನಿವಾರವಾದರೆ ಬೆಳಗ್ಗೆ ಗ್ರೇವೆಯ ತ್ರಿಕೋನಾಕಾರದ ಚೌಕದಲ್ಲಿ ಸಂತೆ ಇರುತ್ತದೆ.

ಆ ದಿನ ಬೆಳಗ್ಗೆ ಗಟ್ಟಿಯಾಗಿ ತಿಂಡಿ ತಿನ್ನಿ, ಅತ್ತರು ಮತ್ತು ಘಮಘಮಿಸುವ ಕ್ರೀಮು ಹಚ್ಚಬೇಡಿ. ಅತ್ತರಿನ ವಾಸನೆಯ ಎದುರು ವೈನಿನ ವಾಸನೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಕುಳಿತವರಿಗೂ ತೊಂದರೆ. ಒಂಬತ್ತಕ್ಕೆ ಹೊರಟರೆ ಹತ್ತರ ಸುಮಾರಿಗೆ ಮೊದಲ ವೈನರಿ ತಲುಪಬಹುದು. ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಲಿ.

ಸಾಮಾನ್ಯವಾಗಿ ಮೊದಲು ತೋಟ, ಆಮೇಲೆ ನೆಲಮಾಳಿಗೆ, ಕೊನೆಗೆ ಮೇಜು. ತೋಟದಲ್ಲಿ ಒಂದು ಕಲ್ಲು ಎತ್ತಿಕೊಂಡು ನೋಡಿ. ಬೆರಳಲ್ಲಿ ಒತ್ತಿದರೆ ಪದರು ಪದರಾಗಿ ಬಿಡುವ ಬೂದು ಕಲ್ಲನ್ನು ಗಲೆಸ್ತ್ರೊ ಎನ್ನುತ್ತಾರೆ, ಗಟ್ಟಿಯಾದ ಸುಣ್ಣಕಲ್ಲಿಗೆ ಅಲ್ಬೆರೆಸೆ ಎನ್ನುತ್ತಾರೆ. ನೀರು ನಿಲ್ಲದ ಇಂಥ ಬಡ ನೆಲದಲ್ಲಿ ಬಳ್ಳಿ ಆಳಕ್ಕೆ ಬೇರಿಳಿಸಿ ಕಡಿಮೆ ಗೊಂಚಲು ಬಿಡುತ್ತದೆ, ಆ ಕಡಿಮೆಯಲ್ಲೇ ರುಚಿ ಕೂಡಿಕೊಳ್ಳುತ್ತದೆ ಎಂಬುದು ಅಲ್ಲಿನವರ ಮಾತು.

ಮೇಜಿನ ಮೇಲೆ ಮೂರೋ ನಾಲ್ಕೋ ವೈನುಗಳನ್ನು ಹಗುರವಾದದ್ದರಿಂದ ಭಾರವಾದದ್ದರ ಕಡೆಗೆ ಜೋಡಿಸಿ ಸುರಿಯುತ್ತಾರೆ. ಕ್ಲಾಸಿಕೊದ ಮೊದಲ ದರ್ಜೆ ಕನಿಷ್ಠ 12 ತಿಂಗಳು, ರಿಸೆರ್ವಾ 24 ತಿಂಗಳು, ತಮ್ಮದೇ ತೋಟದ ಹಣ್ಣಿನಿಂದ ಮಾಡುವ ಗ್ರಾನ್ ಸೆಲೆತ್ಸಿಯೋನೆ 30 ತಿಂಗಳು ಮಾಗಿದ ಮೇಲೆಯೇ ಮಾರಾಟಕ್ಕೆ ಬರುವುದು. ಲೋಟವನ್ನು ಕಾಂಡ ಹಿಡಿದು ಎತ್ತಿ, ಬಿಳಿ ಕಾಗದದ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡಿ. ಎಳೆಯದರ ಅಂಚು ಕೆಂಪು, ವಯಸ್ಸಾದದ್ದರ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಾಡಿಸದೆ ಒಮ್ಮೆ ಮೂಸಿ, ಗಿರ್ರನೆ ತಿರುಗಿಸಿ ಮತ್ತೊಮ್ಮೆ ಮೂಸಿ. ಒಂದು ಸಣ್ಣ ಗುಟುಕನ್ನು ಬಾಯೊಳಗೆಲ್ಲ ಆಡಿಸಿ. ಹುಳಿಯಿದ್ದರೆ ನಾಲಿಗೆಯ ಇಕ್ಕೆಲಗಳಲ್ಲಿ ಜೊಲ್ಲು ಸುರಿಯುತ್ತದೆ, ಒಗರಿದ್ದರೆ ಒಸಡು ಒಣಗುತ್ತದೆ. ಆಮೇಲೆ ಮೇಜಿನ ಮೇಲಿರುವ ಪಾತ್ರೆಗೆ ಉಗುಳಿ. ನಮಗೆ ಇದು ಅಸಭ್ಯವೆನಿಸುತ್ತದೆ, ದುಡ್ಡು ಕೊಟ್ಟದ್ದನ್ನು ಉಗುಳುವುದೇ ಎಂಬ ಲೆಕ್ಕಾಚಾರವೂ ಅಡ್ಡ ಬರುತ್ತದೆ. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಪಾತ್ರೆ ಇಟ್ಟಿರುವುದೇ ಅದಕ್ಕೆ. ಮೊದಲ ವೈನಿಗೆ ಹಿಂತಿರುಗಿ ಮತ್ತೊಮ್ಮೆ ರುಚಿ ನೋಡಿದರೆ ಅದು ಬೇರೆಯೇ ಆಗಿರುತ್ತದೆ, ಗಾಳಿಗೆ ತೆರೆದುಕೊಂಡ ಅರ್ಧ ಗಂಟೆಯ ಫಲ ಅದು. ಇದಕ್ಕೆ ಬಿಡುವಿರಲೆಂದೇ ಎರಡೇ ವೈನರಿ ಎಂದದ್ದು.

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಮುಗಿಯಬೇಕು, ಆಮೇಲೆ ಅಡುಗೆಮನೆ ಮುಚ್ಚುತ್ತದೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಸಪ್ಪೆ ಎಂದು ಗಾಬರಿಯಾಗಬೇಡಿ. ಸಸ್ಯಾಹಾರಿಗಳಿಗೆ ಪರದಾಟವಿಲ್ಲ: ಹಳೆಯ ಬ್ರೆಡ್ಡು ಮತ್ತು ಟೊಮೆಟೊ ಬೇಯಿಸಿದ ಪಪ್ಪಾ ಅಲ್ ಪೊಮೊದೋರೊ, ಸೊಪ್ಪು ಮತ್ತು ಬೀನ್ಸ್‌ನ ರಿಬೊಲ್ಲಿತಾ, ಬೆಳ್ಳುಳ್ಳಿ ತಿಕ್ಕಿ ಎಣ್ಣೆ ಸುರಿದ ಸುಟ್ಟ ಬ್ರೆಡ್ಡು ಸಿಗುತ್ತವೆ. ರಿಬೊಲ್ಲಿತಾಕ್ಕೆ ಮಾಂಸದ ಸಾರು ಹಾಕಿದ್ದಾರೆಯೇ ಎಂದು ಕೇಳಿ. ಪೆಕೊರೀನೊ ಎಂಬ ಕುರಿಹಾಲಿನ ಚೀಸಿಗೆ ಸಾಮಾನ್ಯವಾಗಿ ಪ್ರಾಣಿಮೂಲದ ಹೆಪ್ಪು ಬಳಸುತ್ತಾರೆ ಎಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ.

ಸಂಜೆಯ ಸಣ್ಣ ವೈನರಿಯಲ್ಲಿ ವಿನ್ ಸಾಂತೊ ಎಂಬ ಸಿಹಿ ವೈನು ಇದೆಯೇ ಎಂದು ವಿಚಾರಿಸಿ, ಸಾಧ್ಯವಾದರೆ ಅದನ್ನು ಮಾಡುವ ಅಟ್ಟ ತೋರಿಸಿ ಎನ್ನಿ. ಗೊಂಚಲುಗಳನ್ನು ತಿಂಗಳುಗಟ್ಟಲೆ ನೇತುಹಾಕಿ ಒಣಗಿಸಿ, ಹಿಂಡಿದ ರಸವನ್ನು ಸಣ್ಣ ಪೀಪಾಯಿಗಳಲ್ಲಿ ಮುಚ್ಚಿ ವರ್ಷಗಟ್ಟಲೆ ಹೆಂಚಿನ ಕೆಳಗೇ ಬಿಡುತ್ತಾರೆ. ಬೇಸಿಗೆಯ ಕಾವು, ಚಳಿಗಾಲದ ಥಂಡಿ ಎರಡೂ ಅದಕ್ಕೆ ಬೇಕು. ಜೇನಿನ ಬಣ್ಣದ ಈ ಸಿಹಿ ವೈನಿಗೆ ಬಾದಾಮಿಯ ಗಟ್ಟಿ ಬಿಸ್ಕತ್ತು ಅದ್ದಿ ತಿನ್ನುತ್ತಾರೆ.

ಬಾಟಲಿ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ಟೇಸ್ಟಿಂಗ್ ಶುಲ್ಕ ಕೊಟ್ಟಿರುತ್ತೀರಿ. ಕೊಂಡರೆ ಭಾರತಕ್ಕೆ ಒಬ್ಬ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ 750 ಮಿಲಿಲೀಟರಿನ ಬಾಟಲಿಯಾದರೆ ಎರಡೇ. ಮೀರಿದರೆ ಭಾರೀ ಸುಂಕ, ಪಾರ್ಸೆಲ್ ಕಳಿಸುತ್ತೇವೆ ಎಂಬ ಮಾತಿಗಂತೂ ಒಪ್ಪಬೇಡಿ. ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿ. ಮನೆಗೆ ಬಂದ ಮೇಲೆ ಬಿಸಿಲು ತಾಗದ ಬೀರುವಿನಲ್ಲಿ ಮಲಗಿಸಿ, ಫ್ರಿಜ್ಜಿನ ನೆತ್ತಿಯ ಮೇಲಂತೂ ಬೇಡ. ಎರಡು ವಾರ ಕಳೆದ ಮೇಲೆ ತೆಗೆಯಿರಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುವವರ ಕೋಣೆ ಯುರೋಪಿನದು, ನಮ್ಮದಲ್ಲ. ತೆಗೆಯುವ ಮುನ್ನ ಇಪ್ಪತ್ತು ನಿಮಿಷ ಫ್ರಿಜ್ಜಿನೊಳಗಿಟ್ಟರೆ ಅಲ್ಲಿ ಮೇಜಿನ ಮೇಲೆ ಕಂಡ ರುಚಿಗೆ ಹತ್ತಿರವಾಗುತ್ತದೆ.